ಹಾಲಗುಂಡಿಯಲ್ಲಿ ಇಳಿಯುವಾಗ ತಪ್ಪುತ್ತಿದ್ದ ಜಾಡು

ಹಾಲಗುಂಡಿ ವಿಮಾನಕಟ್ಟೆ,
ಫೆಬ್ರವರಿ 30, 2187

ಚಿಕ್ಕ ವಿಮಾನವೊಂದರ ಬೆನ್ನಿಗೆ ಆಂಟೆನಾ ಕೂರಿಸಲು ಡ್ರಿಲ್ ಹಿಡಿದು ನಿಂತಿರುವ, ನಾನು ಹೆಸರರಿಯದ ಅಣ್ಣಾವರಿಗೆ ಅಥವಾ ಅಕ್ಕಾವರಿಗೆ, ಮೆಕ್ಯಾನಿಕ್ ಕಸ್ತೂರೆವ್ವ ಬಡಿಗೇರ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ಜುಲೈ, ಆಗಸ್ಟ್ ಎರಡೂ ಮೂವತ್ತೊಂದು ದಿನ ಇಟ್ಟುಕೊಂಡು ಫೆಬ್ರವರಿಗೆ ಮಾಡಿದ್ದ ಅನ್ಯಾಯವನ್ನು ನಮ್ಮ ಅಜ್ಜಂದಿರ ಕಾಲದಲ್ಲೇ ಸರಿಪಡಿಸಿದ್ದಾರೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಈ ಕಾಗದ ನಿಮಗೆ ತಲುಪುವುದು ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಂದು ಮನೆಗೆ ಜೀವಮಾನದಲ್ಲಿ ಒಂದೇ ಸಲ ಅದರ ಸರದಿ ಬರುತ್ತದೆ. ಜನ ತಮ್ಮ ಮುತ್ತಜ್ಜಿಗೆ ಬರೆಯುತ್ತಾರೆ, ಮಾರಿಹೋದ ಹೊಲದ ಬಗ್ಗೆ ಬೈದು ಬರೆಯುತ್ತಾರೆ. ನಾನು ನಮ್ಮ ಸರದಿಯನ್ನು ಗುರುತಿಲ್ಲದ ಒಬ್ಬ ಮೆಕ್ಯಾನಿಕ್ಕಿಗೆ ಬರೆಯಲು ಖರ್ಚು ಮಾಡುತ್ತಿದ್ದೇನೆ ಎಂದು ಮನೆಯಲ್ಲಿ ಎಲ್ಲರಿಗೂ ಸಿಟ್ಟು. ಇರಲಿ. ನನ್ನ ಹೊಟ್ಟೆ ತಣ್ಣಗಾಗಿದೆ, ಅದನ್ನು ನಿಮಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಮ್ಮ ಊರು ಕೃಷ್ಣೆಯ ಹಿನ್ನೀರಿನ ನಡುವೆ ಉಳಿದ ದಿಬ್ಬ. ಸುತ್ತ ನೀರು, ಆಚೆ ಕಲ್ಲುಗುಡ್ಡ. ಆಸ್ಪತ್ರೆ ಇರುವುದು ವಿಜಯಪುರದಲ್ಲಿ. ದೋಣಿಯಲ್ಲಿ, ಬಂಡಿಯಲ್ಲಿ ಹೋದರೆ ಬೆಳಗಾಗಿ ಬೈಗಾಗುತ್ತದೆ. ಹೆರಿಗೆ ನೋವು ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ನಮಗೆ ಒಂದು ವಿಮಾನ ಇದೆ, ಅದು ನಿಮ್ಮ ಕಾಲದ್ದು. ಎಂಜಿನ್ ಬದಲಾಗಿದೆ, ರೆಕ್ಕೆಯ ತಗಡು ಬದಲಾಗಿದೆ, ಸೀಟುಗಳನ್ನು ನಮ್ಮ ಊರಿನ ಕೌದಿ ಹೊಲಿಯುವ ಹೆಂಗಸರು ಹೊಲಿದುಕೊಟ್ಟಿದ್ದಾರೆ. ಆದರೆ ಬೆನ್ನಿನ ಮೇಲಿನ ತೂತುಗಳು ಮಾತ್ರ ನೀವು ಕೊರೆದವೇ. ಅವುಗಳನ್ನು ಒರೆಸುವಾಗಲೆಲ್ಲ ನಾನು ನಿಮ್ಮನ್ನು ನೆನೆಯುತ್ತೇನೆ, ಇತ್ತೀಚೆಗಂತೂ ಒಳ್ಳೆಯ ಮಾತಿನಿಂದ ನೆನೆಯುತ್ತಿರಲಿಲ್ಲ.

ವಿಮಾನ ಹಾರಿಸುವವಳು ನನ್ನ ತಂಗಿಯ ಮಗಳು ಸಾವಂತ್ರಿ. ಫೆಬ್ರವರಿಯಿಂದ ಮೇ ತನಕ ನಮಗೆ ಕೆಂಧೂಳಿನ ಕಾಲ. ಮಳೆಗಾಲವಿದ್ದ ಹಾಗೆ ನಮಗೆ ಅದೂ ಒಂದು ಕಾಲವೇ ಆಗಿದೆ: ಹಪ್ಪಳ ಒಳಗೇ ಒಣಗಿಸುತ್ತೇವೆ, ಮದುವೆ ಇಡುವುದಿಲ್ಲ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಜಗಳ ಆಡುತ್ತೇವೆ. ಧೂಳಿನಲ್ಲಿ ನೆಲ ಕಾಣದು. ಆಗ ಎರಡು ಗುಡ್ಡಗಳ ನಡುವೆ ಹಾದು ಇಳಿಯಲು ಚುಕ್ಕಿಜಾಡು ಬೇಕೇ ಬೇಕು. ಚುಕ್ಕಿಜಾಡು ಎಂದರೆ ನೀವು ಜಿಪಿಎಸ್ ಎನ್ನುವುದು, ಮೇಲೆ ಸುತ್ತುವ ಚುಕ್ಕಿಗಳು ಕಳಿಸುವ ಸಣ್ಣ ದನಿಯಿಂದ ನಾವೆಲ್ಲಿದ್ದೇವೆ ಎಂದು ತಿಳಿಯುವುದು. ಈ ವರ್ಷ ಕೆಂಧೂಳು ಶುರುವಾದದ್ದೇ ತಡ, ಆ ಜಾಡು ತಪ್ಪತೊಡಗಿತು. ದಾರಿಯುದ್ದಕ್ಕೂ ಚೆನ್ನಾಗಿರುತ್ತಿತ್ತು, ಗುಡ್ಡದ ಹತ್ತಿರ ಬಂದು ಇಳಿಯಬೇಕು ಎನ್ನುವಾಗ ಪರದೆಯಲ್ಲಿ ಆ ದನಿಯ ಬಲ ತೋರಿಸುವ ಕಡ್ಡಿಗಳೆಲ್ಲ ಕರೆಂಟು ಹೋದಂತೆ ಮಾಯ. ಸಾವಂತ್ರಿ ವಿಮಾನವನ್ನು ಮೇಲೆತ್ತಿ ಒಂದು ಸುತ್ತು ಹೊಡೆದು ಮತ್ತೆ ಬಂದರೆ ಮತ್ತೆ ಮಾಯ. ಕೊನೆಗೆ ಎಲ್ಲರನ್ನೂ ಹೊತ್ತು ವಿಜಯಪುರಕ್ಕೇ ಮರಳುತ್ತಿದ್ದಳು. ಊರು ಕಾಲಡಿ ಇದ್ದೂ ಇಳಿಯಲಾಗದೆ ಹೋದವರ ಮುಖವನ್ನು ಅವಳು ತಿರುಗಿ ನೋಡುತ್ತಿರಲಿಲ್ಲವಂತೆ.

ಸುರಕ್ಷೆಯ ಅಧಿಕಾರಿ ಕೊಣ್ಣೂರ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ತಮ್ಮ ವಿಮಾನದ ಜಾಡುಪೆಟ್ಟಿಗೆಯನ್ನೇ, ಅಂದರೆ ಚುಕ್ಕಿಗಳ ದನಿ ಹಿಡಿಯುವ ಯಂತ್ರವನ್ನೇ, ಬಿಚ್ಚಿ ನಮ್ಮದಕ್ಕೆ ಹಾಕಿ ನೋಡಿದರು. ಜನರನ್ನು ಹತ್ತಿಸಿಕೊಂಡು ಹಾರಿದಾಗ ಅದೂ ಹಾಗೇ ಮಾಡಿತು. ನಮ್ಮದು ಅವರ ವಿಮಾನದಲ್ಲಿ ಕೂತು ಚಂದಾಗಿ ಕೆಲಸ ಮಾಡಿತು. ನಾನು ಆಂಟೆನಾ ಬಿಚ್ಚಿ ಅಡಿಯ ತುಕ್ಕು ಕೆರೆದೆ, ಹೊಸ ಅಂಟು ಹಾಕಿದೆ, ಕೇಬಲ್ಲನ್ನು ಮೊಳಮೊಳವಾಗಿ ತಡವಿದೆ, ತುದಿಯ ಪಿನ್ನನ್ನು ಭೂತಗನ್ನಡಿ ಹಿಡಿದು ನೋಡಿದೆ. ಪ್ರಯಾಣಿಕರ ಫೋನು, ಕಿವಿಯಂತ್ರ, ಮಕ್ಕಳ ಆಟಿಕೆ ಎಲ್ಲವನ್ನೂ ಹತ್ತುವ ಮೊದಲೇ ಇಸಿದುಕೊಂಡೆವು. ಏನೂ ಫಲವಿಲ್ಲ. ನನ್ನನ್ನು ಹುಚ್ಚು ಹಿಡಿಸಿದ್ದು ಮಾತ್ರ ಇನ್ನೊಂದು ಸಂಗತಿ: ಪರೀಕ್ಷೆಗೆಂದು ಬರಿದಾದ ವಿಮಾನ ಹಾರಿಸಿದಾಗ ಜಾಡು ಒಮ್ಮೆಯೂ ತಪ್ಪುತ್ತಿರಲಿಲ್ಲ. ಜನರಿದ್ದರೆ ತಪ್ಪುತ್ತಿತ್ತು. ಊರಿನಲ್ಲಿ ಆಗಲೇ, ಗುಡ್ಡಕ್ಕೆ ಮನುಷ್ಯರ ವಾಸನೆ ಆಗುವುದಿಲ್ಲ ಎಂದು ಕತೆ ಹುಟ್ಟಿತ್ತು. ಕೊಣ್ಣೂರರು ತಲೆ ಕೆರೆದುಕೊಂಡು, ಬೇಜಾರಿನಿಂದಲೇ ಹೇಳಿಹೋದರು: ಇನ್ನೊಮ್ಮೆ ಜಾಡು ತಪ್ಪಿದರೆ ವಿಮಾನ ಕಟ್ಟಿಹಾಕಬೇಕು, ಯಾರದಾದರೂ ಜೀವ ಹೋದ ಮೇಲೆ ಕಟ್ಟಿಹಾಕಿ ಏನು ಪ್ರಯೋಜನ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ವಿಮಾನ ನಿಂತರೆ ನಮ್ಮ ದಿಬ್ಬದಲ್ಲಿ ಬಸುರಿಯರು ಇರುವಂತಿಲ್ಲ, ಮುದುಕರು ಇರುವಂತಿಲ್ಲ. ಅಂದರೆ ಊರೇ ಇರುವಂತಿಲ್ಲ.

ಇಲ್ಲಿ ನಮ್ಮ ಊರಿನ ಒಂದು ರೂಢಿಯನ್ನು ನಿಮಗೆ ಹೇಳಬೇಕು. ವಿಮಾನ ಗುಡ್ಡದ ಹತ್ತಿರ ಬಂದಾಗ ಸಾವಂತ್ರಿ ರೇಡಿಯೋದಲ್ಲಿ ಒಳಗಿರುವವರ ಹೆಸರನ್ನೆಲ್ಲ ಹೇಳುತ್ತಾಳೆ. ಅದಕ್ಕೆ ನಾವು ಬಂದೆವು-ಕರೆ ಎನ್ನುತ್ತೇವೆ. ಕೆಳಗೆ ರೇಡಿಯೋ ಮುಂದೆ ಕೂರುವವನು ಯಮನಪ್ಪ ಕಾಕಾ, ಅವನ ಬೆನ್ನ ಹಿಂದೆ ಅರ್ಧ ಊರು. ಹೆಸರು ಕೇಳಿ ಸುಮ್ಮನಿರಲು ನಾವೇನು ಕಲ್ಲೇ? "ನಮ್ಮ ಅವ್ವನ ಕಣ್ಣ ಆಪರೇಶನ್ ಚಲೋ ಆತೇನವಾ?" "ಕೂಸು ಯಾರ್ ಹಂಗ ಐತಿ?" "ಎಲ್ಲಾರೂ ಉಂಡೀರೇನ್ರಿ?" ಎಲ್ಲದಕ್ಕೂ ಅವಳು ಉತ್ತರ ಕೊಡಬೇಕು, ಕೊಡದಿದ್ದರೆ ಸೊಕ್ಕು ಬಂದಿದೆ ಎನ್ನುತ್ತಾರೆ. ಜಾಡು ತಪ್ಪಿದ ಮೇಲಂತೂ ಕೇಳುವುದೇ ಬೇಡ. ಏನಾಯಿತು, ಎಲ್ಲಿದ್ದೀ, ಹೆದರಬೇಡ ಎಂದು ಇವರು ಕೂಗುವುದು, ಅವಳು ಸಮಾಧಾನ ಹೇಳುವುದು. ವಿಜಯಪುರದಲ್ಲಿ ಇಳಿಯುವಾಗ ಅಲ್ಲಿನವರು ನಂಬರ್ ಕೇಳಿ ಬಿಟ್ಟುಬಿಡುತ್ತಾರೆ. ಅವರಿಗೆ ನಮ್ಮ ಹೊಟ್ಟೆಯ ಚಿಂತೆ ಇಲ್ಲ.

ಕೊಣ್ಣೂರರು ಎಚ್ಚರಿಸಿ ಹೋದ ಮೇಲಿನ ಮೊದಲ ಹಾರಾಟ. ಬಾಣಂತಿ, ಕೂಸು, ಕಣ್ಣಿಗೆ ಪಟ್ಟಿ ಕಟ್ಟಿದ ಮುದುಕಿ ಒಳಗೆ. ಹೊರಗೆ ಕೈ ಚಾಚಿದರೆ ಕೈ ಕಾಣದಷ್ಟು ಧೂಳು. ವಿಮಾನ ಗುಡ್ಡಕ್ಕೆ ಬರುವ ಹೊತ್ತಾಯಿತು, ಕರೆ ಬರಲಿಲ್ಲ. ಯಮನಪ್ಪ ಕಾಕಾ ಕೂಗಿದ, "ಸಾವಂತ್ರೀ, ಏ ಸಾವಂತ್ರೀ, ಒಂದ್ ಮಾತ ಆಡ್ ನನ್ನವ್ವಾ." ಮತ್ತೆ ಮತ್ತೆ ಕೂಗಿದ. ಬಾಣಂತಿಯ ಗಂಡ ನೆಲದ ಮೇಲೆ ಕೂತುಬಿಟ್ಟ.  ನಾನು ಸಾಕಿ ಬೆಳೆಸಿದ ಹುಡುಗಿಯನ್ನು ನಾನೇ ರಿಪೇರಿ ಮಾಡಿದ ವಿಮಾನದಲ್ಲಿ ಕಳಿಸಿದ್ದೆ. ಆಗ ಧೂಳಿನೊಳಗಿಂದ ಚಕ್ರದ ಸದ್ದು ಕೇಳಿತು. ವಿಮಾನ ಏನೂ ಆಗದ ಹಾಗೆ ಬಂದು ನಿಂತಿತು. ಸಾವಂತ್ರಿ ಇಳಿದು ಬಂದವಳೇ ತನ್ನ ಗಂಟಲು ತೋರಿಸಿದಳು: ಧೂಳಿಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ನಾನು ಅವಳ ಬೆನ್ನಿಗೊಂದು ಗುದ್ದಿ, ಆಮೇಲೆ ತಬ್ಬಿಕೊಂಡು ಅತ್ತೆ. ಆಕೆ ಕೈಸನ್ನೆಯಲ್ಲೇ ಹೇಳಿದಳು, ಕಡ್ಡಿಗಳು ಒಂದೂ ಅಲುಗಲಿಲ್ಲ ದೊಡ್ಡವ್ವಾ.

ಅರಿಶಿನ ಹಾಕಿದ ಬಿಸಿ ಹಾಲು ಅವಳ ಕೈಗೆ ಕೊಡುತ್ತ ಯೋಚಿಸಿದೆ. ಅದೇ ವಿಮಾನ, ಅದೇ ಗುಡ್ಡ, ಅದೇ ಧೂಳು, ಜನರೂ ಇದ್ದರು. ಇಲ್ಲದ್ದು ಮಾತೊಂದೇ. ಬರಿದಾದ ವಿಮಾನದಲ್ಲೂ ಇರದಿದ್ದದ್ದು ಅದೇ, ಯಾರೂ ಬಾರದಿದ್ದರೆ ಯಾರ ಊಟ ಕೇಳುವುದು? ಹಾಲಿನ ಪಾತ್ರೆಯನ್ನು ಅಲ್ಲೇ ಬಿಟ್ಟು ಓಡಿದೆ. ನಿಂತ ವಿಮಾನದಲ್ಲಿ ಕೂತು ಜಾಡುಪೆಟ್ಟಿಗೆ ಹಾಕಿ, ಕಡ್ಡಿಗಳು ತುಂಬಿ ನಿಂತ ಮೇಲೆ ರೇಡಿಯೋದ ಮಾತಿನ ಗುಂಡಿ ಒತ್ತಿದೆ. ಕಡ್ಡಿಗಳು ಕುಸಿದವು. ಬಿಟ್ಟೆ, ಮೆಲ್ಲಗೆ ಎದ್ದವು. ರೇಡಿಯೋವನ್ನು ವಿಜಯಪುರದವರ ಜೊತೆ ಮಾತಾಡುವ ಸಂಖ್ಯೆಗೆ, ನೀವು ಫ್ರೀಕ್ವೆನ್ಸಿ ಎನ್ನುತ್ತೀರಲ್ಲ ಅದಕ್ಕೆ, ತಿರುಗಿಸಿ ಒತ್ತಿದೆ, ಅಲುಗಲಿಲ್ಲ. ನಮ್ಮ ಊರಿನ ಸಂಖ್ಯೆಗೆ ತಂದೆ, ಮತ್ತೆ ಕುಸಿದವು. ಆ ಸಂಖ್ಯೆಯನ್ನು ನಮಗೆ ಕೊಟ್ಟದ್ದು ಹೋದ ಮಳೆಗಾಲದ ಕೊನೆಗೆ. ಅದಕ್ಕೇ ಇಷ್ಟು ವರ್ಷ ಇಲ್ಲದ ಕಾಟ ಈಗ ಬಂದಿತ್ತು. ಧೂಳು ಏಳುವ ತನಕ ನೆಲ ಕಣ್ಣಿಗೇ ಕಾಣುತ್ತಿದ್ದುದರಿಂದ ಯಾರೂ ಕಡ್ಡಿಗಳನ್ನು ನೋಡಿರಲಿಲ್ಲ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಜಾಡಿನ ಆಂಟೆನಾದ ಪಕ್ಕ ಒಂದು ಗೇಣು ದೂರದಲ್ಲಿ ನೀವು ಇನ್ನೊಂದು ಆಂಟೆನಾ ಕೂರಿಸಿದ್ದೀರಿ. ಅದು ಕೂಗುಪೆಟ್ಟಿಗೆಯದು, ವಿಮಾನ ಬಿದ್ದರೆ ತಾನಾಗಿ ಸಹಾಯಕ್ಕೆ ಕರೆಯುವ ಪೆಟ್ಟಿಗೆ. ಅಡುಗೆಮನೆಯಲ್ಲಿ ಒಬ್ಬರು ಕುಟ್ಟಿದರೆ ಮೇಲೆ ಹಲಗೆಯಲ್ಲಿ ಯಾವುದೋ ಒಂದೇ ತಟ್ಟೆ ಝುಂ ಎನ್ನುತ್ತದಲ್ಲ, ಹಾಗೆ. ನಮ್ಮ ರೇಡಿಯೋ ಆ ಒಂದು ಸಂಖ್ಯೆಯಲ್ಲಿ ಮಾತಾಡಿದಾಗ ಕೂಗುಪೆಟ್ಟಿಗೆ ತಾನೂ ಝುಂ ಎಂದು, ಅದರ ತೆಳು ಮೇಲ್ದನಿ ಸರಿಯಾಗಿ ಚುಕ್ಕಿಗಳ ಸಣ್ಣ ದನಿಯ ಮೇಲೆಯೇ ಬೀಳುತ್ತಿತ್ತು. ಕೂಗುಪೆಟ್ಟಿಗೆಯ ತಂತಿ ಬಿಚ್ಚಿ ಗುಂಡಿ ಒತ್ತಿದೆ, ಕಡ್ಡಿಗಳು ಗಟ್ಟಿಯಾಗಿ ನಿಂತವು. ನಾನು ಒಬ್ಬಳೇ ವಿಮಾನದೊಳಗೆ ಕೂತು ನಕ್ಕೆ. ಬಿದ್ದಾಗ ಕಾಪಾಡಲೆಂದು ಇಟ್ಟ ಪೆಟ್ಟಿಗೆ, ಮನೆಗೆ ಬಂದವರನ್ನು ಊಟ ಕೇಳುವ ಊರು, ಎರಡೂ ಸೇರಿ ನನ್ನ ಹುಡುಗಿಯನ್ನು ದಾರಿ ತಪ್ಪಿಸುತ್ತಿದ್ದವು. ಆ ಆಂಟೆನಾವನ್ನು ಬಾಲದ ಕಡೆಗೆ ಸಾಗಿಸಿದೆ. ನಿಮ್ಮ ಹಳೆಯ ತೂತಿಗೆ ತಗಡು ಬಡಿದೆ. ನಿಮ್ಮ ಮೇಲೆ ಸಿಟ್ಟಿಲ್ಲ. ಆ ಜಾಗ ನೋಡಿದರೆ ಯಾರಿಗಾದರೂ ಅಲ್ಲೇ ಕೂರಿಸಬೇಕು ಅನಿಸುತ್ತದೆ.

ಕೊಣ್ಣೂರರು ಮತ್ತೆ ಬಂದು, ದಟ್ಟ ಧೂಳಿರುವ ದಿನ, ಜನರನ್ನು ಹತ್ತಿಸಿಕೊಂಡು, ತಾವೇ ಸಾವಂತ್ರಿಯ ಪಕ್ಕ ಕೂತು ನೋಡುವುದಾಗಿ ಹೇಳಿದರು. ಅವಳ ಗಂಟಲು ಅಷ್ಟರಲ್ಲಿ ಸರಿಹೋಗಿತ್ತು. ರಿಪೇರಿ ಆಗಿದೆ, ಎಂದಿನ ಹಾಗೆ ಮಾತಾಡಿ ಎಂದು ನಾನು ಊರಿಗೆಲ್ಲ ಸಾರಿ ಹೇಳಿದೆ. ಯಾರೂ ನಂಬಲಿಲ್ಲ. ರೇಡಿಯೋ ಮುಂದೆ ಇಡೀ ಊರು ಕೂಡಿತ್ತು, ಒಬ್ಬರ ಬಾಯಲ್ಲೂ ಮಾತಿಲ್ಲ. ಸೆರಗು ಬಾಯಿಗೆ ತುರುಕಿಕೊಂಡವರಿದ್ದರು. ಯಮನಪ್ಪ ಕಾಕಾ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ತನ್ನ ಬಾಯಿಂದ ವಿಮಾನ ಬಿದ್ದಿತು ಎನ್ನಿಸಿಕೊಳ್ಳಲು ಯಾರಿಗೆ ಧೈರ್ಯ? ಮೇಲೆ ಸಾವಂತ್ರಿ ಹೆಸರುಗಳನ್ನು ಒಂದೊಂದಾಗಿ ಹೇಳಿ ಮುಗಿಸಿದಳು.  ಆಮೇಲೆ ಗುಡ್ಡದ ಬಾಯಿಯಲ್ಲಿ, ಇಳಿಯುವ ಕಟ್ಟಕಡೆಯ ಹೊತ್ತಿಗೆ, ಅವಳದೇ ದನಿ ಬಂತು. "ಯಾಕ್ರೀ, ಯಾರೂ ಮಾತಾಡವಲ್ರಿ? ಊಟ ಆತೇನ್ರಿ ಎಲ್ಲಾರದೂ? ಕಾಕಾ, ಗುಳಿಗಿ ತಗೊಂಡಿಯಿಲ್ಲೋ? ದೊಡ್ಡವ್ವಾ, ಕಡ್ಡಿ ನಿಂತಾವು, ಎಲ್ಲಾ ನಿಂತಾವು!" ಅಷ್ಟೇ ಸಾಕಾಯಿತು. ಅರ್ಧ ಊರು ಒಟ್ಟಿಗೇ ರೇಡಿಯೋ ಮೇಲೆ ಬಿದ್ದು ಮಾತಾಡತೊಡಗಿತು. ಅವಳು ಎಲ್ಲರಿಗೂ ಉತ್ತರ ಕೊಡುತ್ತಲೇ ಇಳಿದಳು.

ಕೊಣ್ಣೂರರು ಇಳಿದು ಬಂದು, ವಿಮಾನ ಕಟ್ಟಿಹಾಕಲು ತಂದಿದ್ದ ಹಗ್ಗವನ್ನು ನನ್ನ ಕೈಗೇ ಕೊಟ್ಟರು, ಬಾವಿಗಾದರೂ ಬೇಕಾದೀತು ಎಂದು. ಆ ದಿನ ಅವರಿಗೆ ಎಷ್ಟು ಮನೆಗಳಲ್ಲಿ ಉಣಬೇಕಾಯಿತೋ, ಪಾಪ.

ಅಣ್ಣಾವರೇ, ಅಕ್ಕಾವರೇ, ನನ್ನದೊಂದು ಬೇಡಿಕೆ. ಎರಡು ಆಂಟೆನಾಗಳ ನಡುವೆ ನಿಮಗೆ ಸಾಕು ಅನಿಸಿದ್ದಕ್ಕಿಂತ ಒಂದು ಮೊಳ ಹೆಚ್ಚು ಜಾಗ ಬಿಡಿ. ಕೆಲಸ ಮುಗಿದ ಮೇಲೆ ಗಡಿಬಿಡಿ ಮಾಡಬೇಡಿ. ಆಕಾಶ ಕಾಣುವ ಕಡೆ ವಿಮಾನ ನಿಲ್ಲಿಸಿ, ಒಳಗೆ ಕೂತು, ರೇಡಿಯೋ ಮಾತಾಡುವ ಸಂಖ್ಯೆಗಳನ್ನು ಒಂದೊಂದಾಗಿ ತಿರುಗಿಸುತ್ತ ಗುಂಡಿ ಒತ್ತಿ ಹಿಡಿದು ಕಡ್ಡಿಗಳನ್ನು ನೋಡಿ. ಗುಂಡಿ ಒತ್ತಿ ಏನು ಮಾತಾಡುವುದು ಎಂದು ನಾಚಿಕೆಯಾದರೆ, ಊಟ ಆಯಿತೇ ಎಂದು ಕೇಳಿ. ಆ ಹೊತ್ತಿಗೆ ಅಲ್ಲಿ ಯಾರೂ ಉತ್ತರ ಕೊಡದಿರಬಹುದು.

ನಮ್ಮ ಊಟ ಆಗಿದೆ. ನಿಮ್ಮದೂ ಆಗಲಿ.

ಇತಿ,
ಕಸ್ತೂರೆವ್ವ ಬಡಿಗೇರ