ಹೊಳೆ ಮರಳಿನ ಮೇಲೆ ರೇಣುವಿನ ದಂಡು

ಹೊನ್ನಾಳಿ
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ರೇಣು,

‘ಕೈ ಮರೆತುದನ್ನು ಕಣ್ಣು ನೆನೆಯುವುದು’ ಎಂದೋ ಏನೋ ಒಂದು ಸಾಲು ಕೆಲವು ದಿನಗಳಿಂದ ತಲೆಯಲ್ಲಿ ಸುತ್ತುತ್ತಿದೆ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಯಾರೋ ಗೆಳತಿ ಓದಿ ಹೇಳಿದ್ದು. ಯಾರು ಬರೆದದ್ದು, ಮುಂದೇನಿತ್ತು, ಒಂದೂ ನೆನಪಿಲ್ಲ. ಅಲ್ಲಿದ್ದದ್ದು ಕಣ್ಣೇ ಹೌದೋ ಬೇರೇನಾದರೂ ಇತ್ತೋ ಎನ್ನುವುದೂ ಖಾತ್ರಿಯಿಲ್ಲ. ಆದರೆ ನನ್ನ ತಕರಾರು ಮೊದಲ ಅರ್ಧದ ಮೇಲೆ. ಕೈ ಎಲ್ಲಿ ಮರೆಯುತ್ತದೆ? ಅದು ಮುನಿಸಿಕೊಳ್ಳುತ್ತದೆ, ಅಷ್ಟೆ. ಇರಲಿ, ಮೊದಲು ಕೇಳಬೇಕಾದ್ದನ್ನು ಕೇಳುತ್ತೇನೆ. ಬಲಗೈ ಹೇಗಿದೆ? ಮಣಿಕಟ್ಟಿನ ಊತ ಇಳಿಯಿತೆ? ಹೆಬ್ಬೆರಳು ಕಿರುಬೆರಳಿನ ತನಕ ಬರುತ್ತಿದೆಯೆ, ಇನ್ನೂ ಅರ್ಧ ದಾರಿಯಲ್ಲೇ ನಿಲ್ಲುತ್ತಿದೆಯೆ? ವ್ಯಾಯಾಮ ಮಾಡಿಸುವ ಹುಡುಗಿ ಕೊಟ್ಟ ಮೆತ್ತನೆಯ ಚೆಂಡನ್ನು ನೀನು ಮಂಚದ ಕೆಳಗೆ ಉರುಳಿಸಿಬಿಟ್ಟೆಯಂತೆ, ಮೇಘಶ್ರೀ ಹೇಳಿದಳು. ಎತ್ತಿಕೋ. ಹೆಂಡತಿ ಬಗ್ಗಿ ಎತ್ತಿಕೊಡಲಿ ಎಂದು ಕಾಯಬೇಡ. ಚಿಕಿತ್ಸೆಗೆಂದು ಹೋಗಿರುವ ಆ ಮಂಗಳೂರಿನ ಸೆಕೆಯಲ್ಲಿ ನಿನಗೆ ಅಡುಗೆ ಮಾಡಿ ಹಾಕುವುದೇ ಅವಳಿಗೆ ಸಾಕಾಗಿದೆ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವ ಗೊಬ್ಬರದ ಅಂಗಡಿಯಿಂದ ಬಂದವರು ನಿನ್ನ ಸುದ್ದಿ ಕೇಳಿಯೇ ಕೈಕಾಲು ತೊಳೆಯುತ್ತಾರೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಆಟದ ದಂಡಿನ ಮಾತು ತೆಗೆದ ಕೂಡಲೇ ನೀನು ‘ಅಕ್ಕಾ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ’ ಎಂದು ಇಟ್ಟುಬಿಡುತ್ತೀ. ಅದೇ ನೆಟ್‌ವರ್ಕಿನಲ್ಲಿ ಭಾವನ ಜೊತೆ ಗಂಟೆಗಟ್ಟಲೆ ಕ್ರಿಕೆಟ್ ನಡೆಯುತ್ತದೆ. ಕಾಗದವನ್ನು ಹಾಗೆ ಇಡುವುದಕ್ಕಾಗುವುದಿಲ್ಲ. ಇಟ್ಟರೂ ಮಡಚಿ ಇಡಬೇಕು. ಮಡಚುವಾಗ ಎರಡು ಸಾಲಾದರೂ ಕಣ್ಣಿಗೆ ಬೀಳುತ್ತವೆ.

ಗಣಪತಿ ಹಬ್ಬ ಮುಗಿದ ವಾರ ಜಗಳೂರಿನಿಂದ ನಿನ್ನ ಆಟದ ಜೋಡಿ ಜಂಪಣ್ಣ ಬಂದಿದ್ದ. ಕೈಯಲ್ಲಿ ಸೇಬಿನ ಖಾಲಿ ಡಬ್ಬ, ಅದರ ತುಂಬ ಹಳೇ ಪೇಪರು. ನನಗೆ ಅರ್ಥವಾಗಲಿಲ್ಲ. ನೀರು ಕುಡಿದು, ತಲೆ ತಗ್ಗಿಸಿಕೊಂಡು, ‘ಅಕ್ಕಾರೆ, ರೇಣು ಫೋನ್ ಮಾಡಿದ್ದ. ದಂಡು ನೀನೇ ಇಟ್ಕೋ, ನನ್ನ ಕೈಲಿ ಇನ್ನಾಗಲ್ಲ ಅಂದ. ತಗಂಡು ಹೋಗಾಕೆ ಬಂದೀನಿ’ ಅಂದ. ನೀನು ಜೆರಾಕ್ಸ್ ಅಂಗಡಿಯವನಿಗೆ ಹೇಳಿದ ಮಾತನ್ನು ಒಡಹುಟ್ಟಿದ ಅಕ್ಕನಿಗೆ ಹೇಳಿರಲಿಲ್ಲ. ಸಿಟ್ಟು ಬಂತು. ಆದರೆ ಬೈಸಿಕೊಳ್ಳಬೇಕಾದವನು ಮಂಗಳೂರಿನಲ್ಲಿದ್ದ; ಎದುರಿಗಿದ್ದವನ ಮುಖ ನಿನ್ನದಕ್ಕಿಂತ ಸಣ್ಣದಾಗಿತ್ತು. ಜೂನಿನಲ್ಲಿ ನೀನು ಗಾಡಿಯಿಂದ ಬಿದ್ದ ಮೇಲೆ ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಮೇಜಿನ ಎರಡೂ ಕಡೆ ತಾನೇ ಕೂತು ನಿಮ್ಮ ಗೊಂಬೆ ಆಳುಗಳ ಯುದ್ಧದಾಟ ಆಡಿದ್ದಾನಂತೆ. ‘ಎರಡೂ ಕಡೆ ನಾನೇ ಆದ್ರೆ ಯಾರು ಗೆದ್ರೂ ಬೇಜಾರು ಅಕ್ಕಾರೆ’ ಅಂದ.

ಅಟ್ಟದಿಂದ ನಿನ್ನ ಪೆಟ್ಟಿಗೆ ಇಳಿಸಿ ತೆರೆದೆವು. ನೀನೂ ಅವನೂ ಕೂತು ಕಟ್ಟಿದ ಸುಳ್ಳು ಪಾಳೆಯಗಾರರ ಪೈಕಿ ನಿನ್ನವನ ದಂಡು, ಹೆಬ್ಬೆರಳಿನ ಗೆಣ್ಣಿಗಿಂತ ತುಸು ಎತ್ತರದ ಆಳುಗಳು. ಯಾವ ಇತಿಹಾಸದ ಪುಸ್ತಕದಲ್ಲೂ ಸಿಗದ ಆ ಇಬ್ಬರಿಗಾಗಿ ನೀವು ಎಷ್ಟು ಜಗಳವಾಡಿದ್ದೀರೋ! ದಾವಣಗೆರೆಯಲ್ಲಿ ತ್ರೀಡಿ ಪ್ರಿಂಟ್ ಹಾಕಿಸಿ ತಂದ ಆಳುಗಳಲ್ಲಿ ಜೂನಿಗೆ ಮೊದಲು ನೀನು ಬಣ್ಣ ಮುಗಿಸಿದ್ದವರು ಆರೋ ಏಳೋ ಮಂದಿ. ಅವರ ರುಮಾಲಿನ ನೇಯ್ಗೆ ಕೂಡ ಕಾಣುತ್ತದೆ. ಉಳಿದವರೆಲ್ಲ ಬೂದು ಬಣ್ಣದಲ್ಲೇ, ಯಾರೋ ಕರೆದು ಮರೆತುಬಿಟ್ಟವರ ಹಾಗೆ ಮಲಗಿದ್ದರು. ನಾನು ಮುಚ್ಚಳ ಹಾಕಿ ‘ಕೊಡಲ್ಲ’ ಅಂದೆ. ಜಂಪಣ್ಣ ಗಡ್ಡ ಕೆರೆದುಕೊಂಡ. ‘ಇಟ್ಕಂಡು ಏನ್ ಮಾಡ್ತೀರಿ? ದೀಪಾವಳಿ ಆದ ಭಾನುವಾರ ನಮ್ಮ ಆಟ ಐತೆ. ಬಣ್ಣ, ಕಾಲಡಿ ಬೇಸು ಎರಡೂ ಆಗದೋರು ಮೇಜು ಹತ್ತಂಗಿಲ್ಲ. ರೇಣುನೇ ಮಾಡಿದ ಕಾನೂನು.’ ನಾನು ಹತ್ತಿಸುತ್ತೇನೆ ಎಂದೆ. ‘ನೀವಾ?’ ಎಂದು ನಕ್ಕ. ಆ ನಗುವಿನಲ್ಲಿ ಕೊಂಕಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಕೊನೆಗೆ ಒಪ್ಪಂದವಾಯಿತು. ಆ ಭಾನುವಾರಕ್ಕೆ ಇಡೀ ದಂಡು ತಯಾರಾದರೆ ಅದು ನಮ್ಮ ಮನೆಯದು. ಒಬ್ಬ ಆಳು ಬೂದು ಉಳಿದರೂ ಪೆಟ್ಟಿಗೆ ಜಗಳೂರಿಗೆ. ಸೇಬಿನ ಡಬ್ಬವನ್ನು ಅವನು ಇಲ್ಲೇ ಬಿಟ್ಟುಹೋದ. ‘ಇರಲಿ ಬಿಡ್ರಿ, ಬೇಕಾಗ್ತದೆ’ ಅಂದ. ಆ ಡಬ್ಬವನ್ನು ಕಣ್ಣಿಗೆ ಬೀಳುವ ಹಾಗೆ ಫ್ರಿಜ್ಜಿನ ಮೇಲಿಟ್ಟುಕೊಂಡೇ ಕೆಲಸ ಶುರು ಮಾಡಿದೆ.

ಹಿಂದೊಮ್ಮೆ ನಾನು ನಿನ್ನ ಕುಂಚ ಮುಟ್ಟಿದ್ದಕ್ಕೆ ನೀನು ‘ಅಕ್ಕಾ, ನೀನು ಪದ್ಯ ಓದ್ಕಂಡಿರು ತಾಯಿ’ ಎಂದು ಕೈ ಮುಗಿದಿದ್ದೆ. ಸರಿಯಾಗಿಯೇ ಹೇಳಿದ್ದೆ. ಮೊದಲನೆಯ ಆಳಿನ ಕಣ್ಣು ಬರೆದೆ, ಮೆಳ್ಳೆಗಣ್ಣಾಯಿತು. ಎರಡನೆಯವನು ದೆವ್ವ ಕಂಡವನಂತೆ ನೋಡಿದ. ಮೂರನೆಯವನಿಗೆ ಒಂದೇ ಕಣ್ಣು ಬರೆದು, ಇನ್ನೊಂದು ಯುದ್ಧದಲ್ಲಿ ಹೋಗಿದೆ ಎಂದುಕೊಂಡೆ. ಓದುವ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು ಕೂತರೂ ಕುಂಚದ ತುದಿ ನಾನು ಹೇಳಿದ ಕಡೆಗೆ ಹೋಗುತ್ತಿರಲಿಲ್ಲ. ಆಗ ನನಗೆ ನಿನ್ನ ಬಗ್ಗೆ ಒಂದು ವಿಷಯ ಗೊತ್ತಾಯಿತು. ಹೇಳಿದ ಮಾತು ಕೇಳದ ಕೈಯನ್ನು ದಿನವೂ ಎದುರಿಗಿಟ್ಟುಕೊಂಡು ಕೂರುವುದು ಎಂಥ ಅವಮಾನ! ನನ್ನದು ಕಲಿಯದ ಕೈ, ನಿನ್ನದು ಎಲ್ಲ ಕಲಿತಿದ್ದ ಕೈ. ನೀನು ಚೆಂಡನ್ನು ಉರುಳಿಸಿದ್ದು ಯಾಕೆ ಎಂದು ಗೊತ್ತು. ಗೊತ್ತಿದ್ದೇ ಎತ್ತಿಕೋ ಎನ್ನುತ್ತಿದ್ದೇನೆ.

ಪದ್ಯದಲ್ಲಿ ಒಂದು ಪದ ಕೂರದಿದ್ದರೆ ನಾನು ವಾರಗಟ್ಟಲೆ ಬಿಡುವವಳಲ್ಲ, ಇದನ್ನೂ ಬಿಡಲಿಲ್ಲ. ಕಾಲೇಜಿನಿಂದ ಬಂದು ಬೆಳಕಿರುವ ತನಕ ಕಿಟಕಿಯ ಬಳಿ ದಿನಕ್ಕೆ ಒಬ್ಬರೋ ಇಬ್ಬರೋ. ಅಂಗಿ ಬಂತು, ನಡುಕಟ್ಟು ಬಂತು, ಈಟಿಯ ಮೊನೆಗೆ ಹೊಳಪೂ ಬಂತು. ಒಂದು ಮಧ್ಯಾಹ್ನ ನಿನ್ನ ಭಾವನ ಸಾರಿನಲ್ಲಿ ಒಂದು ಈಟಿ ಸಿಕ್ಕಿತು. ಅವರು ಅದನ್ನು ತಟ್ಟೆಯ ಅಂಚಿಗೆ ಇಟ್ಟು, ಕರಿಬೇವಿನ ಕಡ್ಡಿ ಎಂದುಕೊಂಡವರಂತೆ ಊಟ ಮುಂದುವರಿಸಿದರು. ಅಂಥ ಗಂಡಸು.

ಕಷ್ಟವಾದದ್ದು ನೆಲ. ನೀವಿಬ್ಬರೂ ಬೇಸು ಎನ್ನುತ್ತೀರಿ. ಆಳಿನ ಕಾಲಡಿಯ ಆ ದುಂಡು ಬಿಲ್ಲೆಯ ಮೇಲೆ ಮಣ್ಣು, ಕಲ್ಲು, ಹುಲ್ಲು ಕಾಣಿಸುವ ಕೆಲಸ. ನನ್ನ ಬಾಯಿಗೆ ನೆಲ ಎಂಬ ಪದವೇ ಬರುತ್ತದೆ. ನಿನ್ನ ಪಾಳೆಯಗಾರ ಹೊಳೆ ದಂಡೆಯವನು, ಮರಳೇ ಬೇಕು ಎಂದು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿದ್ದೀ. ಹೊಳೆ ಮನೆಯಿಂದ ಎಷ್ಟು ದೂರ? ಆದರೂ ನನಗೆ ಮರಳನ್ನು ಮನೆಯೊಳಕ್ಕೆ ತರುವ ಮನಸ್ಸಾಗಲಿಲ್ಲ. ನ್ಯಾಮತಿಯ ಶಾಲೆಯಿಂದ ಬರುತ್ತಾ ನಿನ್ನ ಗಾಡಿ ಜಾರಿದ್ದು ತಿರುವಿನಲ್ಲಿ ಟಿಪ್ಪರಿನಿಂದ ಚೆಲ್ಲಿದ್ದ ಮರಳಿನ ಮೇಲೆ. ಆ ದಿನ ನಿನ್ನ ಅಂಗಿಯನ್ನು ಒದರಿದಾಗ ಬಚ್ಚಲಲ್ಲಿ ಬಿದ್ದ ಮರಳಿನ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದಕ್ಕೆ ಉಪಾಯ ಮಾಡಿ ಚಿರೋಟಿ ರವೆ ತಂದೆ. ಗೋಂದು ಬಳಿದು ರವೆ ಉದುರಿಸಿ, ಕಲ್ಲುಗಳ ಬದಲು ರಾಗಿ ಕಾಳು ಒತ್ತಿದೆ. ನೋಡುವುದಕ್ಕೆ ಎಷ್ಟು ಚೆಂದವಿತ್ತು ಅಂತೀ! ಬೆಳಿಗ್ಗೆ ಎದ್ದು ನೋಡಿದರೆ ಗೋಡೆಗುಂಟ ಇರುವೆ ಸಾಲು. ನಿನ್ನ ದಂಡು ಒಂದು ಹೆಜ್ಜೆ ಇಡುವ ಮೊದಲೇ ಅದರ ನೆಲವನ್ನು ಶತ್ರು ಕಣಕಣವಾಗಿ ಹೊತ್ತುಕೊಂಡು ಹೋಗುತ್ತಿದ್ದ. ನಿನ್ನ ಭಾವ ಮೊದಲ ಬಾರಿಗೆ ಬಾಯಿಬಿಟ್ಟು ನಕ್ಕರು. ‘ಗೊಬ್ಬರದಂಗಡಿಯವನ ಹೆಂಡ್ತಿ ನೀನು, ರವೆಗೆ ಇರುವೆ ಬರ್ತವೆ ಅಂತ ಗೊತ್ತಾಗಲಿಲ್ವಾ?’

ಉಳಿದ ರವೆಯನ್ನು ಅವರ ಎದುರಿಗೇ ಉಪ್ಪಿಟ್ಟು ಮಾಡಿ, ನಾನು ಹೊಳೆಗೆ ಹೋದೆ. ನೀರು ಇನ್ನೂ ಮೆಟ್ಟಿಲುಗಳ ಮೇಲೇ ಇದೆ. ಕೊನೆಗೆ ಒಂದು ಮೂಲೆಯಲ್ಲಿ ಕೈ ಹಾಕಿದರೆ ಮರಳು ಸಿಕ್ಕಿತು, ತಣ್ಣಗೆ, ಬೆರಳ ಸಂದಿಯಿಂದ ಜಾರಿಹೋಗುವಂಥದು. ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತೆ. ರೇಣು, ಮರಳಿಗೆ ಏನೂ ಗೊತ್ತಿರುವುದಿಲ್ಲ. ಯಾರನ್ನು ಬೀಳಿಸಿದೆ, ಯಾರನ್ನು ನಿಲ್ಲಿಸಿದೆ ಒಂದೂ ಗೊತ್ತಿಲ್ಲ. ಅದರ ಮೇಲೆ ನಾನು ಸಿಟ್ಟಿಟ್ಟುಕೊಂಡು ಕೂತರೆ ನಷ್ಟ ನನಗೇ ಎನಿಸಿತು. ಸೆರಗಿನಲ್ಲಿ ಕಟ್ಟಿಕೊಂಡು ತಂದೆ. ತೊಳೆದು, ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ. (ಮಾರನೆಯ ದಿನ ನಿನ್ನ ಭಾವ ‘ಟೀ ಹಲ್ಲಿಗೆ ಸಿಗ್ತಾ ಐತಲ್ಲೇ’ ಎಂದರು. ಹೊಸ ಜಾಲರಿ ತಂದಾಗಿದೆ.) ತೆಳುಗೋಂದಿನ ಮೇಲೆ ಮರಳು, ಅದು ಗಟ್ಟಿಯಾದ ಮೇಲೆ ನೀರಾಗಿಸಿದ ಕಂದು ಬಣ್ಣ ಸಂದಿಗಳಿಗೆಲ್ಲ ಇಳಿಯುವ ಹಾಗೆ. ಒಣಗಿದ ಬಳಿಕ ಕುಂಚದ ಬಿಳಿ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದಷ್ಟರಿಂದ ಮೇಲೆ ಮೇಲೆ ಸವರಿದರೆ ಉಬ್ಬಿದ ಕಣಗಳು ಮಾತ್ರ ಬೆಳ್ಳಗೆ ಏಳುತ್ತವೆ. ಹುಲ್ಲಿಗೆ ತೆಂಗಿನ ನಾರು ಕತ್ತರಿಸಿ ಅಂಟಿಸಿದೆ. ಇದೊಂದು ಕೆಲಸ ನನ್ನ ಕೈಗೆ ಹತ್ತಿತು. ಮುಖ ಬರೆಯಲಾರದವಳು ನೆಲ ಮಾಡಬಲ್ಲೆ.

ಇನ್ನೊಂದು ನಡೆದಿದೆ. ಕೇಳಿದರೆ ಕೂಗಾಡುತ್ತೀಯೆಂದು ಕೊನೆಗಿಟ್ಟಿದ್ದೇನೆ. ಹೋದ ಗುರುವಾರ ಇಡೀ ದಂಡನ್ನು, ನಿನ್ನವರನ್ನೂ ಸೇರಿಸಿ, ಮೊರದಲ್ಲಿ ನಿಲ್ಲಿಸಿ ಜಗಲಿಯ ಬಿಸಿಲಿಗಿಟ್ಟು ಕಾಲೇಜಿಗೆ ಹೋಗಿದ್ದೆ. ಬಂದು ನೋಡುತ್ತೇನೆ, ಎಲ್ಲರ ಹಣೆಗೂ ವಿಭೂತಿ! ಪಕ್ಕದ ಮನೆಯ ಶಂಕರಮ್ಮ, ಮೊಣಕಾಲು ನೋವೆಂದು ನಮ್ಮ ಜಗಲಿ ಹತ್ತುವುದಕ್ಕೂ ಗೋಡೆ ಹಿಡಿಯುವವರು, ಕೂತುಕೊಂಡು ತೆಂಗಿನ ಗರಿಯ ಕಡ್ಡಿಯ ತುದಿಯಿಂದ ಒಬ್ಬೊಬ್ಬರಿಗೂ ಬಳಿದಿದ್ದಾರೆ. ನನಗೆ ಅಳು ಬರುವುದೊಂದು ಬಾಕಿ. ‘ಏನ್ ಮಾಡಿದ್ರಿ ಶಂಕರಮ್ಮಾರೆ!’ ಎಂದರೆ, ‘ಬರಿ ಹಣೇಲಿ ಬಿಸಿಲಾಗೆ ನಿಂತಿದ್ವು ಕಣ್ರೀ ಲೀಲಮ್ಮ, ನೋಡಾಕೆ ಆಗ್ಲಿಲ್ಲ. ಹಿಂಗೇ ಯುದ್ಧಕ್ಕೆ ಕಳಿಸ್ತಾರೇನ್ರೀ ಯಾರಾದ್ರೂ?’ ಎಂದು ನನ್ನನ್ನೇ ಬೈದರು.

ಒರೆಸಲು ಒದ್ದೆ ಬಟ್ಟೆ ತಂದೆ. ಬೆಳಕಿಗೆ ಹಿಡಿದಾಗ ಕೈ ನಿಂತಿತು. ಅಷ್ಟು ಚಿಕ್ಕ ಹಣೆಯ ಮೇಲೆ ಮೂರು ಗೆರೆ ಸೇರಿ ಒಂದೇ ಬಿಳಿ ಪಟ್ಟಿಯಾಗಿತ್ತು. ಅದರ ಕೆಳಗೆ ನನ್ನ ಮೆಳ್ಳೆಗಣ್ಣುಗಳು ಕಾಣುತ್ತಲೇ ಇರಲಿಲ್ಲ. ನೋಟವೆಲ್ಲ ಹಣೆಗೇ ಹೋಗುತ್ತಿತ್ತು. ಇನ್ನೂ ಒಂದು. ಅಲ್ಲಿಯ ತನಕ ನಿನ್ನ ಆರೇಳು ಆಳುಗಳು ಅರಮನೆಯವರ ಹಾಗೂ, ನನ್ನವರು ಸಂತೆಯಿಂದ ಹಿಡಿದು ತಂದವರ ಹಾಗೂ ಇದ್ದರು. ಈಗ ತೋಳು ಚಾಚಿ ದೂರ ಹಿಡಿದು ನೋಡಿದರೆ ಯಾರು ನಿನ್ನವರು, ಯಾರು ನನ್ನವರು ಎಂದು ನನಗೇ ತಿಳಿಯಲಿಲ್ಲ. ಒಂದೇ ಮನೆಯಿಂದ ಹೊರಟವರ ಹಾಗಿದ್ದರು. ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದೆ. ವಿಭೂತಿ ಉದುರದ ಹಾಗೆ ಮೇಲೆ ವಾರ್ನಿಷ್ ಕೊಟ್ಟಿದ್ದೇನೆ. ನಿನ್ನವರ ಮೇಲಿನದನ್ನೂ ಒರೆಸಿಲ್ಲ. ಬೈಯುವುದಿದ್ದರೆ ಬಂದು ಬೈಯಿ.

ನಿನ್ನೆ ಕೊನೆಯವನ ವಾರ್ನಿಷೂ ಮುಗಿಯಿತು. ಕುದುರೆ ಮೇಲಿನ ನಾಯಕನನ್ನೂ ನಾನೇ ಮುಗಿಸಿದೆ. ನಿನ್ನ ಎಡಗೈಗೆಂದು ಒಬ್ಬನನ್ನು ಬಾಕಿ ಉಳಿಸಬೇಕಿತ್ತೇನೋ, ಕಥೆಗಳಲ್ಲಿ ಹಾಗೆ ಮಾಡುತ್ತಾರೆ. ನಾನು ಉಳಿಸಲಿಲ್ಲ. ಕಾನೂನೆಂದರೆ ಕಾನೂನು. ಸೇಬಿನ ಡಬ್ಬದಲ್ಲಿ ಈಗ ಈರುಳ್ಳಿ ಹಾಕಿಟ್ಟಿದ್ದೇನೆ.

ಮೇಘಶ್ರೀಗೆ ನನ್ನ ಆಶೀರ್ವಾದ; ಅವಳು ಊಟ ಬಿಟ್ಟು ನಿನ್ನನ್ನು ಓಲೈಸಿದರೆ ನನಗೆ ತಿಳಿಸಲಿ. ನಿನ್ನ ಕೈ ನಿನ್ನ ಮೇಲಿನ ಮುನಿಸು ಬಿಟ್ಟು ಬೇಗ ಮಾತಿಗೆ ಬರಲಿ ಎಂದು ದಿನವೂ ದೀಪ ಹಚ್ಚುವಾಗ ಕೇಳಿಕೊಳ್ಳುತ್ತೇನೆ.

ನಿನ್ನ ಅಕ್ಕ,
ಶಿವಲೀಲಾ

ಮರೆತೆ: ಆಟದ ನಿಯಮಗಳನ್ನು ಕೂತು ಪೂರ್ತಿ ಓದಿದೆ. ಬಣ್ಣ ಹಚ್ಚಲು ಕೈ ಬೇಕು, ದಂಡು ನಡೆಸಲು ಬೇಡ. ದೂರ ಅಳೆಯುವ ಟೇಪು ನಾನು ಹಿಡಿಯುತ್ತೇನೆ, ಆಳುಗಳನ್ನು ನಾನು ಸರಿಸುತ್ತೇನೆ, ದಾಳ ಯಾವ ಕೈಯಿಂದಲೂ ಉರುಳುತ್ತದೆ. ಯಾರು ಯಾವಾಗ ಎಲ್ಲಿಗೆ ಎಂದು ಹೇಳುವ ಬಾಯೊಂದು ಬೇಕು. ಅದಕ್ಕೆ ಯಾವ ಪೆಟ್ಟೂ ಆಗಿಲ್ಲ ಎಂದು ಮೇಘಶ್ರೀ ಹೇಳಿದ್ದಾಳೆ. ಮೊದಲು ಬರೆದೆನಲ್ಲ, ಆ ಪದ್ಯದ ಸಾಲಿನಲ್ಲಿ ಇದ್ದದ್ದು ಕಣ್ಣಲ್ಲ, ಬಾಯಿ ಇರಬೇಕು. ಇರದಿದ್ದರೆ ಇನ್ನು ಮೇಲೆ ಇರಲಿ. ಇಪ್ಪತ್ತಾರನೇ ತಾರೀಖು ಬೆಳಿಗ್ಗೆ ನಾನಂತೂ ಜಗಳೂರಿನ ಬಸ್ಸು ಹತ್ತುತ್ತೇನೆ. ನೀನು ಬರದಿದ್ದರೆ ಒಬ್ಬಳೇ ಆಡಿ, ಸೋತು, ಇದು ನನ್ನ ತಮ್ಮನ ದಂಡು ಎಂದು ಎಲ್ಲರಿಗೂ ಹೇಳಿ ಬರುತ್ತೇನೆ. ಹಿಂದಿನ ದಿನ ಶಿವಮೊಗ್ಗಕ್ಕೆ ಬಂದಿಳಿ, ಭಾವ ಗಾಡಿ ತರುತ್ತಾರೆ.

ಇದನ್ನು ಮಡಚುವಷ್ಟರಲ್ಲಿ ಶಂಕರಮ್ಮ ಹಾಲಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದರು. ಮೊರದಲ್ಲಿ ಸಾಲಾಗಿ ನಿಂತಿದ್ದವರನ್ನು ನೋಡಿ ಅಂದದ್ದನ್ನು ಹಾಗೇ ಬರೆಯುತ್ತಿದ್ದೇನೆ: ‘ಇನ್ನೂ ನಿಂತ್ಕಂಡೇ ಅವಲ್ರೀ ಪಾಪ, ಕಾಲು ನೋಯಲ್ವಾ? ಇವರ ಯಜಮಾನಂಗೆ ಲಗೂನ ಬರಾಕೆ ಹೇಳ್ರಿ.’