ಹೆಸರು ತೆಗೆಸುವ ಕೊನೆಯ ದಿನ

ಫೆಬ್ರವರಿ 25, ಮಂಗಳವಾರ

ಮತ್ತೆ ವ್ಯಾನ್. ಮತ್ತೆ ತಲೆ ಎಣಿಕೆ. ಬೆಳಿಗ್ಗೆ ನಮ್ಮ ಹೈಸ್ಕೂಲು, ಮಧ್ಯಾಹ್ನ ಇದೇ ಮಕ್ಕಳು ಕಾಲೇಜಿನಲ್ಲಿ ದೊಡ್ಡವರ ಪಕ್ಕ ಕೂತು ಬೀಜಗಣಿತ. ಹೈಸ್ಕೂಲು ಮುಗಿಯುವಾಗ ಎರಡು ವರ್ಷದ ಕಾಲೇಜೂ ಪುಕ್ಕಟೆ ಮುಗಿದಿರುತ್ತದೆ... ಪೋಷಕರ ಸಭೆಯಲ್ಲಿ ನಾನೇ ಹೇಳುವುದು, ನಗುಮುಖ ಮಾಡಿಕೊಂಡು. ಹೆಸರಿಗೆ ಕೌನ್ಸೆಲರ್, ಮಾಡುವುದು ಕುರಿ ಕಾಯುವ ಕೆಲಸ.

ಮಾರಿಕ್ರೂಸ್ ಇಳಿಯಲು ಒಪ್ಪಲಿಲ್ಲ.

"ಇವತ್ತು ಬೇಡ ಮಿಸ್. ಟೆಸ್ಟ್ ಪೇಪರ್ ಕೊಡ್ತಾರೆ."

"ಕೊಟ್ರೆ ಕೊಡ್ಲಿ. ನಿನ್ನನ್ನೇನು ತಿಂದುಬಿಡ್ತಾರಾ? ಇಳಿ."

ಇಳಿದಳು. ಹದಿನೈದು ವರ್ಷದ ಹುಡುಗಿ, ಮುಖ ನೋಡಿದರೆ ನನಗಿಂತ ವಯಸ್ಸಾದವಳು.

ಮಾರ್ಚ್ 3, ಸೋಮವಾರ

ಕಾಲೇಜಿನ ಬೀಜಗಣಿತ ಮೇಷ್ಟ್ರ ಇಮೇಲ್. ಮಾರಿಕ್ರೂಸ್ ಪಾಸಾಗುವುದಿಲ್ಲ, ಕೊನೆಯ ದಿನದೊಳಗೆ ಕೋರ್ಸಿನಿಂದ ಹೆಸರು ತೆಗೆಸಿ. ತೆಗೆಸದಿದ್ದರೆ ಕಾಲೇಜು ದಾಖಲೆಯಲ್ಲಿ ಫೇಲ್. ಆಮೇಲೆ ಟೆಕ್ಸಾಸಿನ ಯಾವ ಯೂನಿವರ್ಸಿಟಿಗೆ ಹೋದರೂ ಅದು ಬೆನ್ನು ಬಿಡುವುದಿಲ್ಲ.

ಪ್ರಿನ್ಸಿಪಾಲ್ ಗಾರ್ಸಾ: "ಎಲ್ಲ ಮಕ್ಕಳೂ ಕಾಲೇಜಿನಲ್ಲಿ ಅಂತ ಗೇಟಿಗೆ ಬ್ಯಾನರ್ ಕಟ್ಟಿದೀವಲ್ಲ! ಮುಂದಿನ ವಾರದ ರಜೆ ಮುಗೀಲಿ, ನೋಡೋಣ."

ಅವಳ ತಾಯಿ ಎಲ್ವಿರಾಗೆ ಫೋನ್ ಮಾಡಿದೆ. ಅವರ ಸಹಿ ಬೇಕೇ ಬೇಕು.

"ನೀವೇ ಹೀಗಂದ್ರೆ ಹೇಗೆ ಮಿಸ್? ಈ ವಯಸ್ಸಿಗೇ ಕಾಲೇಜಿಗೆ ಹೋಗ್ತಾಳೆ ಅಂತ ಚರ್ಚಲ್ಲಿ ಫಾದರ್ ಅವಳನ್ನ ಎಬ್ಬಿಸಿ ನಿಲ್ಲಿಸಿ ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿದಾರೆ. ನಾನು ಸಹಿ ಹಾಕಲ್ಲ."

ಜಗಳವಾಡಲು ತ್ರಾಣವಿರಲಿಲ್ಲ. ಹುಡುಗಿಗೂ ಅದನ್ನೇ ಹೇಳಿದೆ — ರಜೆ ಮುಗಿಯಲಿ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ

ರಜೆ. ಬಟ್ಟೆ ಒಗೆಯಲು ಹಾಕಿ ಕಾಲು ಚಾಚಿದ್ದೆ. ಕಾಲೇಜಿನಿಂದ ಮೆಸೇಜ್ — ಹೆಸರು ತೆಗೆಸಲು ಇಂದೇ ಕೊನೆ, ಸಂಜೆ ಐದರವರೆಗೆ.

ನಮ್ಮ ವಸಂತ ರಜೆ ಈ ವಾರ. ಕಾಲೇಜಿನದು ಮುಂದಿನ ವಾರ. ಎರಡೂ ಒಂದೇ ಅಂದುಕೊಂಡು, ರಜೆಯ ನಡುವೆ ಕೊನೆಯ ದಿನ ಬರಲಾರದು ಅಂತ ಹಾಯಾಗಿ ಕೂತಿದ್ದೆ, ಕತ್ತೆ. ಎಲ್ವಿರಾ ಫೋನ್ ಎತ್ತುತ್ತಿಲ್ಲ. ಹೊರಟೆ.

ಅದೇ ದಿನ, ಸಂಜೆ 4.30. ಕಾಲೇಜಿನ ಪಾರ್ಕಿಂಗ್

ಎಲ್ವಿರಾ ಕೆಲಸದಿಂದ ಬರುವವರೆಗೆ ಅವರ ಮನೆ ಮುಂದೆಯೇ ಕಾದೆ. ಈಸ್ಟರಿಗೆ ಮುಂಚಿನ ಉಪವಾಸ ಕಾಲದ ಶುಕ್ರವಾರ. ಬಂದವರೇ ಆ ದಿನದ ಸಿಹಿಗೆಂದು ಬ್ರೆಡ್ ಹುರಿದು ಬೆಲ್ಲದ ಪಾಕಕ್ಕೆ ಹಾಕತೊಡಗಿದರು. ಅಡುಗೆಮನೆ ಮೇಜಿನ ಬಳಿ ಮಾರಿಕ್ರೂಸ್, ಮುಂದೆ ಬೀಜಗಣಿತ. ನಾನು ಚಾಚಿದ ಕಾಗದವನ್ನು ಎಲ್ವಿರಾ ಮುಟ್ಟಲಿಲ್ಲ.

"ಚರ್ಚಲ್ಲಿ ಕೇಳಿದ್ರೆ ಏನು ಹೇಳ್ಲಿ?"

"ಫೇಲ್ ಅಂತ ಬೀಳೋದು ಚರ್ಚಿನೋರ ಹೆಸರಿಗಲ್ಲಮ್ಮ, ಇವಳ ಹೆಸರಿಗೆ."

ಹುಡುಗಿ ತಲೆ ಎತ್ತದೆ ಕೇಳಿದಳು: "ಇದನ್ನ ಬಿಟ್ರೆ ರಾತ್ರಿ ನಿದ್ದೆ ಮಾಡಬಹುದಾ ಮಿಸ್?"

ನನ್ನನ್ನು ಕೇಳಿದಳು, ತಾಯಿಯನ್ನಲ್ಲ. ಎಲ್ವಿರಾ ಒಲೆ ಆರಿಸಿದರು. ಆಮೇಲೆ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು, "ಪೆನ್ ಕೊಡಿ" ಅಂದರು.

ಈಗ ಎಲ್ವಿರಾ ಒಳಗೆ ಕ್ಯೂನಲ್ಲಿದ್ದಾರೆ. ಹುಡುಗಿಯೂ ಗುಮಾಸ್ತೆಯ ಎದುರೇ ಸಹಿ ಮಾಡಬೇಕು. ಕಾರು ಅವರ ಬೀದಿ ದಾಟುವ ಮೊದಲೇ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಳು, ಬಾಯಿ ತೆರೆದುಕೊಂಡು; ಇನ್ನೂ ಎದ್ದಿಲ್ಲ. ನೋಡಿದರೆ ನಾಚಿಕೆಯಾಗುತ್ತದೆ. ನಮ್ಮೆಲ್ಲರ ಮೇಲೂ ಸಿಟ್ಟು ಬರುತ್ತದೆ.

ಎಲ್ವಿರಾ ಬಾಗಿಲಿಗೆ ಬಂದರು. ಎರಡೂ ಕೈ ಬೀಸುತ್ತಿದ್ದಾರೆ. ಸರದಿ ಬಂತು. ಹುಡುಗಿಯನ್ನು ಕರೆದೆ. ಭುಜ ಅಲುಗಿಸಿದೆ.

"ಒಂದೇ ನಿಮಿಷ ಮಿಸ್... ಪ್ಲೀಸ್."

ಐದಕ್ಕೆ ಕಚೇರಿಯ ಕಿಟಕಿ ಮುಚ್ಚುತ್ತದೆ. ಆದರೂ ಒಂದು ನಿಮಿಷ ಕೊಡುತ್ತೇನೆ. ಒಂದೇ —