ಏಳನೇ ಕಂಬದ ನಕ್ಷತ್ರ

ಮಾರ್ಚ್ 4, ಮಂಗಳವಾರ

ಕುರ್ಚಿಯ ಎಡ ಚಕ್ರಕ್ಕೆ ಮತ್ತೆ ಎಣ್ಣೆ ಬಿಟ್ಟೆ. ಕಿರುಗುಟ್ಟುವುದು ನಿಂತಿಲ್ಲ. ಇರಲಿ. ನಾನು ಬರುತ್ತಿದ್ದೇನೆಂದು ಜನಕ್ಕೆ ಗೊತ್ತಾಗಲಿ.

ಅಕ್ಕ ಪೇಪರ್ ತಂದು ಮಡಿಲಿಗೆ ಹಾಕಿದಳು. ಹಳೇಪೇಟೆಯ ದೊಡ್ಡ ಚರ್ಚು ಬರುವ ಸೋಮವಾರದಿಂದ ಬಂದ್. ಎರಡು ವರ್ಷ ರಿಪೇರಿ. ಒಳಛಾವಣಿಯ ನಕ್ಷತ್ರಗಳನ್ನೆಲ್ಲ ಕೆರೆದು ಹೊಸದಾಗಿ ಬರೆಯುತ್ತಾರಂತೆ.

ಬರೆದಿಡಬೇಕು: ಆ ನಕ್ಷತ್ರ ಬರೆದವನು ನಮ್ಮಪ್ಪ. ಬಣ್ಣದ ಕೂಲಿ. ಮೂರು ವರ್ಷ ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ ಬರೆದ. ಗೋಡೆಯ ಕಲ್ಲಿನಲ್ಲಿ ದಾನ ಕೊಟ್ಟವರ ಹೆಸರಿದೆ, ಅಪ್ಪನದಿಲ್ಲ. ನಾನು ಹುಟ್ಟಿದ ಸುದ್ದಿ ಬಂದ ದಿನ ಖುಷಿಗೆ ಕೈತಪ್ಪಿ ಒಂದಕ್ಕೆ ಐದರ ಬದಲು ಆರು ಮೂಲೆ ಹಾಕಿದನಂತೆ. ಏಳನೇ ಕಂಬ, ಎಡಗಡೆ. ಸಾಯುವ ತನಕ ಹೇಳಿದ.

ನಾನು ನೋಡಿಲ್ಲ. ಕಾಲಿದ್ದಾಗ ಮಿಲ್ಲು ಬಿಡಲಿಲ್ಲ. ಮಿಲ್ಲಿಗೆ ಕಾಲು ಕೊಟ್ಟ ಮೇಲೆ ಮೆಟ್ಟಿಲು ಬಿಡಲಿಲ್ಲ.

"ನಿನಗೋಸ್ಕರ ಚಂದ್ರನ್ನೇ ಬರ್ದಿದೀನಿ ಅಂತ ನನ್ಹತ್ರ ಅಂತಿದ್ದ ಅಪ್ಪ. ಅವನ ಮಾತು ಕಟ್ಕೊಂಡು ಹೊರಟ್ಯಾ?" ಅಂದಳು ಅಕ್ಕ.

ಚಂದ್ರನನ್ನೂ ಹುಡುಕೋಣ ಅಂದೆ.

ಮಾರ್ಚ್ 6, ಗುರುವಾರ. ಸಂಜೆ

ಹೋದೆವು. ಹಳೇಪೇಟೆಯ ಕಲ್ಲುಹಾಸು — ಹಲ್ಲೆಲ್ಲ ಕಟಕಟ. ಗಲ್ಲಿಯ ಗೋಡೆಗೆ ಗೆಣ್ಣು ತರಚಿತು. ಗಡಿಯಾರ ರಿಪೇರಿಯವನು ತನ್ನ ಸ್ಟೂಲ್ ಎತ್ತಿ ದಾರಿ ಬಿಟ್ಟ. ಕಾರಿನವನು ಬಿಡಲಿಲ್ಲ. ಬಾನೆಟ್ಟಿಗೆ ಗುದ್ದಿದೆ, ಬಿಟ್ಟ.

ಚರ್ಚಿನ ಮುಂದೆ ನಾಲ್ಕು ಮೆಟ್ಟಿಲು. ನಾಲ್ಕೇ.

ಬೀಗದ ಕೈ ನೋಡಿಕೊಳ್ಳುವ ಮುದುಕ ಬಂದ. ನಾಲ್ಕು ಜನರನ್ನು ಕರೆದು ಎತ್ತಿಸುತ್ತೇನೆಂದ. ಬೇಡವೆಂದೆ. ಎತ್ತಿಸಿಕೊಂಡು ನೋಡಿದ್ದೇನೆ. ವೋಟು ಹಾಕಲು ಹೋದಾಗ ಎತ್ತಿದವರು ನಗುತ್ತ ಫೋಟೋ ತೆಗೆಸಿಕೊಂಡರು. ನನ್ನ ಬಟ್ಟೆ ಜಾರಿದ್ದು ಒಬ್ಬನಿಗೂ ಕಾಣಲಿಲ್ಲ. ನಾನು ಗೋಣಿಚೀಲವಲ್ಲ.

ವಾಪಸ್ ದಾರಿಯುದ್ದಕ್ಕೂ ಅಕ್ಕ ಬೈದಳು. ಎರಡು ನಿಮಿಷ ಸಹಿಸಿಕೊಂಡಿದ್ದರೆ ಒಳಗಿರುತ್ತಿದ್ದೆನಂತೆ, ನಾನು ಹಟಮಾರಿಯಂತೆ.

ಇರಬಹುದು...

ಮಾರ್ಚ್ 7, ಶುಕ್ರವಾರ

ಒಬ್ಬಳೇ ಹೋದೆ. ರಟ್ಟಿನ ಮೇಲೆ "ದಾರಿ ಬೇಕು" ಎಂದು ಬರೆದು ಮೆಟ್ಟಿಲ ಬುಡದಲ್ಲಿ ಕೂತೆ. ಎರಡು ಗಂಟೆ.

ಶವದ ವ್ಯಾನು ಬಂತು. ಮುದುಕ ಶೆಡ್ಡಿನಿಂದ ಉದ್ದನೆಯ ಎರಡು ಹಲಗೆ ಎಳೆತಂದು ಮೆಟ್ಟಿಲ ಮೇಲೆ ಇಳಿಜಾರಾಗಿ ಜೋಡಿಸಿದ. ಚಕ್ರದ ಗಾಡಿಯ ಮೇಲೆ ಪೆಟ್ಟಿಗೆ ಸುಯ್ಯೆಂದು ಒಳಗೆ ಹೋಯಿತು.

ಸತ್ತವರ ಮೇಲೆ ನನಗೆ ಜಗಳವಿಲ್ಲ. ರಟ್ಟು ಮಡಚಿಟ್ಟು, ಎಲ್ಲ ಮುಗಿಯುವ ತನಕ ಬಾಯಿ ಬಿಗಿಹಿಡಿದೆ. ಆಮೇಲೆ ಬಿಡಲಿಲ್ಲ.

"ಯಜಮಾನ್ರೇ, ಒಳಗೆ ಬರ್ಬೇಕಂದ್ರೆ ನಾನು ಸಾಯ್ಬೇಕಾ?"

ಮುದುಕ ಹಲಗೆ ನೋಡಿದ. ನನ್ನ ಚಕ್ರ ನೋಡಿದ. ಮೂವತ್ತು ವರ್ಷದಿಂದ ಆ ಹಲಗೆ ಹೊರುತ್ತಿದ್ದಾನಂತೆ.

"ಹೊಳೀಲೇ ಇಲ್ಲ ಕಣಮ್ಮ."

ಸುಳ್ಳಲ್ಲ. ಕೇಡಿಲ್ಲದವನಿಗೂ ಹೊಳೆಯದಂತೆ ಮಾಡಿಟ್ಟಿದ್ದಾರಲ್ಲ, ನನ್ನ ಸಿಟ್ಟು ಅದರ ಮೇಲೆ.

ಹಲಗೆಗೆ ಅಂಚಿಲ್ಲ, ಚಕ್ರ ಜಾರುತ್ತದೆ ಅಂದ. ಎರಡು ದಿನ ಕೊಡು, ಪಟ್ಟಿ ಹೊಡೆದಿಡುತ್ತೇನೆ, ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಬಾ. ಚರ್ಚಿನ ಆಫೀಸಿನವರು ಕೇಳಿದರೆ? ಅಂದೆ. "ಕೇಳ್ಲಿ. ಶೆಡ್ಡಿನ ಬೀಗ ನನ್ನತ್ರ ಇದೆ."

ಮಾರ್ಚ್ 9, ಭಾನುವಾರ. ಮಧ್ಯಾಹ್ನ 12

ಒಳಗಿದ್ದೇನೆ. ಒಳಗೇ ಕೂತು ಬರೆಯುತ್ತಿದ್ದೇನೆ.

ಹಲಗೆಗೆ ಹೊಸ ಪಟ್ಟಿ, ಮೊಳೆಯ ತಲೆ ಇನ್ನೂ ಫಳಫಳ. ನನ್ನ ಕೈಯಿಂದಲೇ ಉರುಳಿಸಿಕೊಂಡು ಹತ್ತಿದೆ. ಅರ್ಧದಲ್ಲಿ ತೋಳು ಸೋತಿತು. ಅಕ್ಕ ಬೆನ್ನ ಹಿಂದೆ ನಿಂತಳು. ತಳ್ಳಲಿಲ್ಲ, ಮುಟ್ಟಲೂ ಇಲ್ಲ. "ಹತ್ತೇ, ನಾನಿದೀನಿ" ಅಂದಳು, ಅಷ್ಟೇ. ಹತ್ತಿದೆ.

ನನ್ನ ಹಿಂದೆಯೇ ಊರುಗೋಲಿನ ಮುದುಕಿಯೊಬ್ಬಳು, ಮಗುವಿನ ಗಾಡಿ ತಳ್ಳುವ ತಾಯಿ — ಯಾರನ್ನೂ ಕೇಳದೆ ಹತ್ತಿದರು. ಮುದುಕ ಹಲಗೆ ತೆಗೆದಿಲ್ಲ. ಇಲ್ಲಿಂದ ಕಾಣುತ್ತಿದೆ.

ತಂಪು. ಮೇಲೆಲ್ಲ ನೀಲಿ. ಕುರ್ಚಿಯ ಬೆನ್ನಿಗೆ ತಲೆ ಒರಗಿಸಿದರೆ ಅಪ್ಪ ಮಲಗಿದಂತೆಯೇ. ಚಂದ್ರ ಎಲ್ಲೂ ಇಲ್ಲ. ನಾನು ಹೇಳಲಿಲ್ಲವಾ ಅಂದಳು ಅಕ್ಕ, ಮೂಗು ಒರೆಸಿಕೊಂಡು.

ಐದನೇ ಕಂಬ. ಆರು.

ಏಳು. ಎಡಗಡೆ. ಕನ್ನಡಕ ಒರೆಸಿಕೊಂಡೆ. ಅಕ್ಕ ಬೆರಳೆತ್ತಿ ಮೂಲೆ ಎಣಿಸುತ್ತಿದ್ದಾಳೆ, ನಾನು ಬರೆದುಕೊಳ್ಳುತ್ತಿದ್ದೇನೆ — ಒಂದು, ಎರಡು, ಮೂರು, ನಾಲ್ಕು, ಐದು, ಆ—